ದೇಶವಾರು

ಚೇಳೂರು ರಸ್ತೆ, ಕಡಲೆಕಾಯಿ ಮಿಲ್ಲಿನ ಎದುರು,
ಹತ್ತಡಿ ಅಂಗಡಿ ನಮ್ಮದು. ಹೊಲಿಗೆ ಮಿಷನ್ ರಿಪೇರಿ.
ಗಂಗುಲಪ್ಪನ ಮಗಳು ಅಂದರೆ ಸಾಕು, ಚಿಂತಾಮಣಿಯಲ್ಲಿ
ಸೂಜಿ ಮುರಿದವರೆಲ್ಲ ದಾರಿ ತೋರಿಸುತ್ತಾರೆ.

ರಾತ್ರಿ ಕೈಯೆಣ್ಣೆ ಒರೆಸಿಕೊಂಡು ಬರೆಯುತ್ತೇನೆ:
ದಾರ ಯಾಕೆ ತುಂಡಾಗುತ್ತದೆ,
ಬಾಬಿನ್ ಯಾಕೆ ಗಂಟು ಹಾಕಿಕೊಂಡು ಮುನಿಯುತ್ತದೆ,
ಪೆಡಲು ಹಿಂದಕ್ಕೇ ತಿರುಗಿದರೆ ಮೊದಲು ಎಲ್ಲಿ ನೋಡಬೇಕು.
ಅಕ್ಕನ ಮಗ ಯಶವಂತ ಇದಕ್ಕೊಂದು ವೆಬ್‌ಸೈಟು ಹೊಲಿದುಕೊಟ್ಟ,
ಅಂಚಿಗೆ ಜಾಹೀರಾತಿನ ಲೇಸು.

‘ಎಷ್ಟು ಜನ ನೋಡ್ತಾರೆ ಅನ್ನೋದಲ್ಲ ಚಿಕ್ಕಮ್ಮಾ,
ಎಲ್ಲಿ ಕೂತು ನೋಡ್ತಾರೆ, ಅದು ದುಡ್ಡು’ ಅಂದ.
ನಕ್ಕಿದ್ದೆ. ಆಮೇಲೆ ತಿಂಗಳ ಪಟ್ಟಿ ಬಂತು, ದೇಶವಾರು.

ಭಾರತ, ನಾಲ್ಕು ಸಾವಿರದ ಇನ್ನೂರ ಹನ್ನೊಂದು ಜನ.
ಮೂವತ್ತೆಂಟು ರೂಪಾಯಿ.
ಕೆನಡಾ, ಒಂಬತ್ತು ಜನ.
ನಲವತ್ತೊಂದು.

ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಚಿಕ್ಕಂದು ನೋಡಿದ್ದೇನೆ,
ಗೂಡನ್ನು ಹಿಡಿದು, ಕಿವಿಯ ಹತ್ತಿರ ಅಲುಗಿಸಿ,
ಆಮೇಲೆ ಬೆಲೆ ಕೂಗುತ್ತಿದ್ದರು.
ಇಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ.
ಪುಟ ತೆರೆಯುವಷ್ಟರಲ್ಲಿ ಎಲ್ಲೋ ಹರಾಜು ಮುಗಿದಿರುತ್ತದೆ:
ಗೌರಿಬಿದನೂರಿನ ಕಣ್ಣಿಗೆ
ಪೈಸೆಗೂ ಕಮ್ಮಿ.

ಕೆನಡಾದವರು ಹನ್ನೊಂದು ಸೆಕೆಂಡು ನಿಂತು ಹೋಗುತ್ತಾರೆ.
ಕೊನೆಯ ಸಾಲಿನತನಕ ಓದಿ
‘ಸರಿಹೋಯ್ತು ಅಕ್ಕಾ’ ಅನ್ನುವವರೆಲ್ಲ ಈ ಕಡೆಯವರೇ.

ಆದರೂ ಆಸೆ. ಇಂಗ್ಲಿಷಿನಲ್ಲಿ ಒಂದು ಪುಟ ಬರೆಸಿದೆ,
ಚಿನ್ನದ ಹೂವಿನ ಹಳೇ ಕೈಮಿಷನ್ನುಗಳ ಮೇಲೆ,
ಕೆನಡಾ ಸ್ವಲ್ಪ ಹೊತ್ತು ಕೂತು ಹೋಗಲಿ ಅಂತ.
ಆ ತಿಂಗಳು ಕೈವಾರದಾಕೆ ಪಿಕೋ ಮಿಷನ್ನಿನ ಬಗ್ಗೆ
ಎರಡು ಸಲ ಕೇಳಿದ್ದಳು.
ನಾನು ಉತ್ತರ ಬರೆಯಲಿಲ್ಲ.

ರಂಜಾನಿನ ಕೊನೆಯ ವಾರ ಪಟ್ಟಿಯಲ್ಲಿ ಹೊಸ ಸಾಲು:
ನೆದರ್‌ಲ್ಯಾಂಡ್ಸ್. ಒಬ್ಬರು. ಇಪ್ಪತ್ತಾರು ಸಲ.
ಒಂದೇ ಪುಟ, ಅದೂ ಕನ್ನಡದ್ದು, ‘ಶಟಲ್ ಸಿಕ್ಕಿಕೊಂಡರೆ’.
ನೂರ ಏಳು ರೂಪಾಯಿ!
ಆ ಪುಟದ ಚಿತ್ರ ಬದಲಿಸಿದೆ, ಕಾಗುಣಿತ ತಿದ್ದಿದೆ,
ನೆಂಟರು ಬಂದಾಗ ಜಮಖಾನ ಕೊಡವುವ ಹಾಗೆ.

ಆಗ ಫೋನು ಬಂತು.
‘ಅಕ್ಕಾ, ನಾನು ನಸೀಬಾ, ಬಾಗೇಪಲ್ಲಿ.
ಮೂರು ದಿನದಿಂದ ಶಟಲು ಕದಲ್ತಿಲ್ಲ,
ಹಬ್ಬಕ್ಕೆ ಹದಿನಾಲ್ಕು ಜೊತೆ ಬಟ್ಟೆ ಹಂಗೇ ಕೂತವೆ.
ನಿಮ್ ಪುಟ ನೋಡಿ ನೋಡಿ ಬಾಯಿಪಾಠ ಆಗೋಯ್ತು.
ಮಧ್ಯ ಮಧ್ಯ ಯಾವ್ದೋ ಭಾಷೇಲಿ
ಹಿಮದ ಬೂಟು ಬರ್ತವಲ್ಲ, ಅದೂ ನೀವೇ ಮಾರೋದಾ?’

ತಮ್ಮನ ಫೋನಂತೆ. ಯಾವುದೋ ಆಟಕ್ಕೆ ವಿಪಿಎನ್ ತೊಡಿಸಿ
ಬಿಚ್ಚದೆ ಬಿಟ್ಟಿದ್ದಾನೆ.
ಅಳತೆಯನ್ನೇ ಕೊಡದೆ ನಸೀಬಾ
ಒಂದು ದೇಶ ತೊಟ್ಟುಕೊಂಡು ಕೂತಿದ್ದಳು,
ಅವಳ ಬೆಲೆ ಏರಿತ್ತು, ಅವಳಿಗೆ ಗೊತ್ತಿರಲಿಲ್ಲ.
‘ಅದನ್ನ ತೆಗಿಬೇಡಮ್ಮಾ’ ಅನ್ನುವ ಮಾತು
ನಾಲಿಗೆ ತುದಿಗೆ ಬಂದು ನಿಂತಿತ್ತು. ಸುಳ್ಳು ಯಾಕೆ ಹೇಳಲಿ.

‘ಮಿಷನ್ ಮಲಗಿಸು’ ಅಂದೆ. ‘ಎಡಗಡೆಯ ಎರಡು ಹಿಡಿ ಬಿಚ್ಚು.
ಒಳಗೆ ಕಪ್ಪು ದಾರದ ಚೂರಿರುತ್ತೆ, ಚಿಮಟದಲ್ಲಿ ಎಳಿ.’
ಉಸಿರು. ತಗಡಿನ ಸದ್ದು. ಯಾರೋ ಮಗು ಅಳುತ್ತಿತ್ತು.
‘ಸಿಕ್ತು’ ಅಂದಳು. ಆಮೇಲೆ ಮಾತಿಲ್ಲ,
ಪೆಡಲಿನ ಸದ್ದು ಮಾತ್ರ,
ಫೋನು ಇಡುವುದನ್ನೂ ಮರೆತಿದ್ದಳು.

ನೂರ ಏಳು ರೂಪಾಯಿ ತಿಂಗಳ ಕೊನೆಗೆ ಕಳೆದರು,
ಅನುಮಾನದ ಭೇಟಿ ಅಂತ.
ಕೈವಾರದಾಕೆಗೆ ತಡವಾಗಿ ಬರೆದೆ.
ಅವಳು ಆಗಲೇ ಮಿಷನ್ ಮಾರಿದ್ದಳು.

ನಸೀಬಾಳ ಹಳೇ ಸ್ಪ್ರಿಂಗು ಹೆಚ್ಚು ದಿನ ಬಾಳುವುದಿಲ್ಲ.
ಹೊಸದೊಂದನ್ನು ಬೆಂಕಿಪೊಟ್ಟಣದಲ್ಲಿಟ್ಟು ಬಸ್‌ಸ್ಟ್ಯಾಂಡಿಗೆ ಒಯ್ದೆ.
ಕಂಡಕ್ಟರ್ ಕೇಳಿದ, ‘ಎಲ್ಲಿಗೆ?’
ಬಾಯಿ ಜಾರಿ ‘ನೆದರ್‌ಲ್ಯಾಂಡ್ಸ್’ ಅಂದೆ.
ಅವನು ತಲೆ ಎತ್ತಲಿಲ್ಲ.
‘ಚೇಳೂರಿನ ಮೇಲೆ ಹೋಗ್ತದೆ. ಹತ್ತು ರೂಪಾಯಿ ಕೊಡಿ.’