ಬಾಯಿ ಖಾಲಿಯಿಲ್ಲ

ಕೆಲವರಪಳ್ಳಿ ಹಿನ್ನೀರಲ್ಲಿ ನೊರೆ ತೇಲದ ಮೂಲೆ ಹುಡುಕಿ
ಪಿಳ್ಳಕ್ಕ ಗಾಳ ಬಿಟ್ಟು ಕೂತಿದ್ದಾಳೆ,
ದವಡೆಯಲ್ಲಿ ಎಲೆಯಡಿಕೆ, ಮಡಿಲಲ್ಲಿ ಮೈದಾ ಉಂಡೆ.

ಮೊದಲು ಬಂದದ್ದು ಅಂಗೈಯಗಲದ ಜಿಲೇಬಿ ಮೀನು.
"ಗಂಡೋ ಹೆಣ್ಣೋ, ಹೇಳು."
ಗದ್ದ ನೋಡಿದೆ, ಬಾಲದ ತುದಿಯ ಕೆಂಪು ನೋಡಿದೆ.
ಹೊಸೂರಿನ ಲೇತಿನ ಮುಂದೆ ಹನ್ನೆರಡು ವರ್ಷ
ಕೂದಲೆಳೆಯ ತಪ್ಪು ಹಿಡಿದ ಕಣ್ಣು ಇದು.
ಗೊತ್ತಾಗಲಿಲ್ಲ.

ಮೀನು ಮಗುಚಿದಳು. ಮೊಮ್ಮಗನ ಪೆನ್ನಿನ ನೀಲಿ ಶಾಯಿ
ಹೊಟ್ಟೆಯ ಕೆಳಗೊಂದು ತೊಟ್ಟು ಸವರಿದಳು,
ಓಟು ಹಾಕಿದವರ ಬೆರಳಿಗೆ ಹಚ್ಚುವ ಹಾಗೆ.
"ಎರಡು ತೂತಿದ್ರೆ ಗಂಡು.
ನಡುವೆ ಅಡ್ಡಕ್ಕೊಂದು ಗೀರು ಕಂಡ್ರೆ ಹೆಣ್ಣು."
ಎರಡೇ ಇತ್ತು. ಬಕೆಟ್ಟಿಗೆ ಹೋಯಿತು.
ಮುಂದಿನದೂ ಗಂಡು. ಅದರ ಮುಂದಿನದೂ.

"ಹೆಣ್ಣೇ ಇಲ್ಲವಾ ಈ ನೀರಲ್ಲಿ?"
"ಅವೆ. ಬಾಯಿ ಖಾಲಿಯಿಲ್ಲ ಅವಕ್ಕೆ.
ಮೊಟ್ಟೆ ಬಾಯಲ್ಲಿಟ್ಕೊಂಡು ತಿರುಗ್ತವೆ,
ಹತ್ತು ದಿನವೋ ಹದಿನೈದೋ, ಉಪಾಸ.
ನಿನ್ನ ಮೈದಾ ಯಾರಿಗೆ ಬೇಕು?"

ಹೊತ್ತು ಮುಳುಗುವಾಗ ಬಂದದ್ದು ಗಾಳ ಕಚ್ಚಿರಲಿಲ್ಲ.
ಪಕ್ಕೆಗೆ ಸಿಕ್ಕಿಕೊಂಡಿತ್ತು.
ಕೈಗೆ ಬಂದದ್ದೇ ಬಾಯಿಬಿಟ್ಟಿತು:
ಸಾಸಿವೆಗಿಂತ ಚೂರು ದಪ್ಪ, ಬರೀ ಕಣ್ಣೇ ಇರುವ ಮರಿಗಳು
ನನ್ನ ಅಂಗೈ ತುಂಬ,
ಗ್ರೀಸು ಕೂತು ಕಪ್ಪಾದ ಗೆರೆಗಳ ತುಂಬ.

ಶಾಯಿ ಬೇಕಾಗಲಿಲ್ಲ.
ಪಿಳ್ಳಕ್ಕ ನನ್ನ ಮಣಿಕಟ್ಟು ಹಿಡಿದು ನೀರಿಗೆ ಅದ್ದಿದಳು.
ಗಾಳ ಬಿಡಿಸಿ ತಾಯನ್ನೂ ಅಲ್ಲೇ ಬಿಟ್ಟಳು.
ಆಮೇಲೆ ಮಾತಿಲ್ಲ, ಅವಳ ಬಾಯಿಯೂ ತುಂಬಿತ್ತು.

ಏರಿ ಹತ್ತುವಾಗ ಎಲೆಯಡಿಕೆ ಉಗಿದು ಅಂದಳು:
"ನಾಳೆ ಒಂದು ಪೆನ್ನು ತಾ.
ಇದು ಬರೀತಿಲ್ಲ ಅಂತ ಹುಡುಗ ಅಳ್ತಾನೆ."