ಎಡಗೈ ಸುತ್ತು

ಶಿಡ್ಲಘಟ್ಟದ ಅಂಚೆ ಕಚೇರಿಗೆ
ಬೆಂಕಿಪೊಟ್ಟಣದಷ್ಟು ಪಾರ್ಸೆಲ್ಲುಗಳು ಈಗಲೂ ಬರುತ್ತವೆ.
ವಿಯೆನ್ನಾ, ಒಸಾಕಾ, ಒಮ್ಮೊಮ್ಮೆ ನಮ್ಮದೇ ಧಾರವಾಡ.
ಹತ್ತಿಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ವಿಮೆ,
ವಿಮೆಯ ಮೇಲೆ ಅದೇ ವಿಳಾಸ:
ಇಲಾಹಿಜಾನ್, ಸೂಜಿ ರಿಪೇರಿ, ಗೂಡು ಮಾರುಕಟ್ಟೆ ಹಿಂಭಾಗ.

ಏಳು ದಿನ ಇಟ್ಟುಕೊಳ್ಳಬೇಕು.
ಎಂಟನೆಯ ದಿನ ನಾನು ಮುದ್ರೆ ಒತ್ತಬೇಕು:
ಸ್ವೀಕರಿಸುವವರು ಮೃತರು. ಕಳಿಸಿದವರಿಗೆ ವಾಪಸ್.

ಒಳಗೇನೆಂದು ಮೊದಲು ನನಗೂ ಗೊತ್ತಿರಲಿಲ್ಲ.
ಬಂಗಾರವೇ ಸಾಹೇಬರೇ, ಎಂದಿದ್ದೆ.
ನಕ್ಕು ತೆರೆದು ತೋರಿಸಿದರು:
ಎಳ್ಳಿನ ಕಾಲುಭಾಗ ಒಂದು ವಜ್ರ,
ಅದನ್ನು ಹಿಡಿದ ಕಡ್ಡಿ, ಕಡ್ಡಿಯ ಬುಡಕ್ಕೆ ತಾಮ್ರದ ಸುರುಳಿ,
ಅಯಸ್ಕಾಂತಗಳ ನಡುವೆ ತೊಟ್ಟಿಲಿಗೆ ಹಾಕಿದ ಹಾಗೆ.
"ತಟ್ಟೆಯ ಗೀರಲ್ಲಿ ಇದು ನಡೆಯುತ್ತೆ, ಪೋಸ್ಟ್ ಸಾರ್.
ನಡೆದರೆ ನಡುಗುತ್ತೆ. ನಡುಗಿದ್ದೇ ಹಾಡು."

ಅಪ್ಪ, ಅಜ್ಜ ನೂಲು ಬಿಚ್ಚಿದವರು.
ಕುದಿನೀರಿನ ಬೋಗುಣಿಯಲ್ಲಿ ಗೂಡಿನ ಎಳೆತುದಿ ಹುಡುಕಿ ಹುಡುಕಿ
ಬೆಂದು, ಬಿಳಿಚಿ, ಸತ್ತೇಹೋಗಿದ್ದವು ಅವರ ಬೆರಳು.
ಇವರು ಹದಿನಾಲ್ಕಕ್ಕೆ ಬೋಗುಣಿ ಬಿಟ್ಟು
ಬೆರಳು ಉಳಿಸಿಕೊಂಡರು.
ರೇಷ್ಮೆ ಎಳೆಗಿಂತ ತುಸುವೇ ದಪ್ಪದ ತಾಮ್ರವನ್ನು
ಕಣ್ಣು ಮುಚ್ಚಿ ಸುತ್ತುವರು.
ಹೊರಮೈ ಹಿಪ್ಪುನೇರಳೆಯ ಹಳೆ ಬೊಡ್ಡೆಯದು,
ಯಾರದೋ ತೋಟ ಸೈಟಾದ ದಿನ
ಆಟೋದಲ್ಲಿ ಹೇರಿ ತಂದದ್ದು.

ಕರೆಂಟು ಇರುವಾಗ ಸುತ್ತುತ್ತಿರಲಿಲ್ಲ.
ಬೀದಿಯ ರಾಟೆಗಳೆಲ್ಲ ತಿರುಗಿ ನೆಲವೇ ಜುಮುಗುಡುವ ಊರು.
ಕರೆಂಟು ಹೋದೊಡನೆ
ಕಿಟಕಿಯ ಬಳಿ ಕೂತು, ಉಸಿರು ಹಿಡಿದು, ಹದಿನೆಂಟು ಸುತ್ತು.
ಊರೆಲ್ಲ ಶಾಪ ಹಾಕುವ ಹೊತ್ತು, ಇವರೊಬ್ಬರಿಗೆ ಸುಗ್ಗಿ.

ಬಂದ ಮೇಲೆ ಪರೀಕ್ಷೆ.
ಹೆಸರು ಅಳಿಸಿಹೋದ ಒಂದು ತಟ್ಟೆ. ಹಾಡು ಬೇಕಿಲ್ಲ ಅವರಿಗೆ,
ಪಲ್ಲವಿಗೆ ಮುಂಚೆ ಪಿಟೀಲಿನವರು ಮೂಗು ಏರಿಸಿದ್ದು ಬೇಕು.
"ಕೇಳಿತಾ?"
"ಇಲ್ಲ."
ಮತ್ತೆ ಬಿಚ್ಚುವರು, ಮತ್ತೆ ಕತ್ತಲಿಗೆ ಕಾಯುವರು.
"ಈಗ?"
"ನೆಗಡಿ ಆಗಿತ್ತೇನೋ, ಪಾಪ."
"ಪಾಸ್."

ಒಸಾಕಾದ ಒಂದರಲ್ಲಿ ಸುತ್ತು ತಿರುವುಮುರುವು.
ಮಸೂರದಡಿ ಬಹಳ ಹೊತ್ತು ನೋಡಿ ಹೇಳಿದರು:
"ಇದನ್ನು ಮಾಡಿದವನು ಎಡಚ. ವಯಸ್ಸಾಗಿದೆ.
ಗಂಟಿನ ಮೇಲೆ ಇನ್ನೊಂದು ಗಂಟು ಹಾಕುತ್ತಾನೆ,
ನನ್ನ ಹಾಗೇ, ನಂಬಿಕೆ ಸಾಲದೆ."
ಹೆಸರು ತಿಳಿಯದು. ಹನ್ನೆರಡು ವರ್ಷ ಆ ಕೈಯನ್ನು
ಮುರಿದದ್ದರೊಳಗೆ ಮಾತ್ರ ಕಂಡರು.
ಒಂದು ದಿನ ಪಾರ್ಸೆಲ್ಲಿನಲ್ಲಿ ಚೀಟಿ: ಅವರು ಹೋದರು.
ಅಂಗಡಿ ಮುಚ್ಚಿ ಫಾತಿಹಾ ಓದಿದರು
ಬುದ್ಧನಿಗೋ ಯಾರಿಗೋ ಕೈಮುಗಿಯುತ್ತಿದ್ದವನಿಗೆ.
ಮರುದಿನದಿಂದ ಎಡಗೈಯಲ್ಲಿ ಸುತ್ತಲು ಕಲಿಯತೊಡಗಿದರು.
ಎಪ್ಪತ್ತನೆಯ ವಯಸ್ಸು, ಮೂರು ತಿಂಗಳು, ಎಷ್ಟೋ ತಂತಿ ಹಾಳು.
"ಅವನ ಮನೆಯಲ್ಲಿ ಅವನ ಚಪ್ಪಲಿಯೇ ಇರಲಿ" ಅಂದರು.
ನನಗೆ ಪೂರ್ತಿ ಅರ್ಥವಾಗಲಿಲ್ಲ.

ನನಗೂ ಒಂದು ಮಾಡಿಕೊಟ್ಟಿದ್ದಾರೆ.
ಒಂದೊಂದು ಸಲ ಕೇಳಿದಾಗಲೂ ವಜ್ರ ಸವೆಯುತ್ತದಂತೆ,
ಕಾಣದಷ್ಟು. ಹಾಗಾಗಿ ಎಣಿಸಿ ಕೇಳುತ್ತೇನೆ,
ಜಿಪುಣ ಅನ್ನುತ್ತಾಳೆ ಹೆಂಡತಿ.
ಕೇಳದೆ ಇಟ್ಟರೆ ಒಳಗಿನ ರಬ್ಬರು ಕಲ್ಲಾಗುತ್ತದೆ
ಎಂದೂ ಅವರೇ ಹೇಳಿದ್ದರು.
ಒಳಗೆ ಎಷ್ಟು ಗಂಟು ಹಾಕಿದ್ದಾರೋ
ಬಿಚ್ಚಿ ನೋಡಬಲ್ಲವರು ಇನ್ನು ಯಾರಿದ್ದಾರೆ.

ಇವತ್ತು ಧಾರವಾಡದ್ದಕ್ಕೆ ಎಂಟನೆಯ ದಿನ.
ಕಿವಿಯ ಬಳಿ ಅಲ್ಲಾಡಿಸಿದೆ, ನಿಯಮದಲ್ಲಿಲ್ಲ ಅದು.
ಮುದ್ರೆಯನ್ನು ಮಸಿಗೆ ಒತ್ತಿ ಎತ್ತಿದೆ,
ಆಗಲೇ ಕರೆಂಟು ಹೋಯಿತು.
ರಾಟೆ ನಿಂತವು, ಬೀದಿ ನಿಂತಿತು,
ಮೇಜಿನೊಳಗಿನ ಜುಮು ನಿಂತಿತು.
ಸಾಲಿನಲ್ಲಿದ್ದ ಹೆಂಗಸು ಮೆಲ್ಲಗೆ ಕೇಳಿದಳು:
"ಯಾಕೆ ಸಾರ್, ಉಸಿರು ಹಿಡ್ಕೊಂಡಿದ್ದೀರ?"