ಒಂದಕ್ಕೆ ಹನ್ನೆರಡು

ಏಳು ಮೆಟ್ಟಿಲು.
ಎಣಿಸಬೇಕಾಗಿಲ್ಲ, ನನಗವು ಬಾಯಿಪಾಠ.
ನಲವತ್ತು ವರ್ಷದ ಹಿಂದೆ ಅವ್ವ ನನ್ನನ್ನು
ಕಂಬಳಿಯಲ್ಲಿ ಬೆನ್ನಿಗೆ ಬಿಗಿದುಕೊಂಡು
ಇವುಗಳ ಬುಡದಲ್ಲಿ ಬಂದು ನಿಂತಳು.
ಮೇಲಿನಿಂದ ಹೆಡ್‌ಮಾಸ್ತರು ನನ್ನ ಕಾಲು ನೋಡಿ,
ಮೆಟ್ಟಿಲು ನೋಡಿ,
"ದಿನಾ ಯಾರಮ್ಮ ಹತ್ತಿಸೋರು?" ಅಂದರು.
ಕೆಟ್ಟವರೇನಲ್ಲ. ಅವ್ವನಿಗೆ ನೀರು ಕೊಡಿಸಿದರು.
ಹತ್ತದೆಯೇ ಇಳಿದು ಹೋದೆವು.

ಈಗ ಮಸೇರುವಿನಿಂದ ಲಾರಿಯಲ್ಲಿ ಸಿಮೆಂಟು ಬಂದಿದೆ,
ಜೊತೆಗೊಂದು ಕಾಗದ. ನನಗೆ ಓದು ಬಾರದು.
ಹೆಡ್‌ಮಿಸ್ಸು ಮಮೆಲ್ಲೊ ಓದಿ ಹೇಳಿದರು:
ಒಂದಡಿ ಏರಿಗೆ ಹನ್ನೆರಡಡಿ ಉದ್ದ.
ಕಡ್ಡಿಯಿಂದ ನೆಲದ ಮೇಲೆ ಗೀಚಿದೆ.
ಮೆಟ್ಟಿಲಿಗೆ ಅರ್ಧ ಅಡಿ, ಏಳಕ್ಕೆ ಮೂರೂವರೆ,
ಮೂರೂವರೆಗೆ ನಲವತ್ತೆರಡು.
ಅಂಗಳವೇ ಇರುವುದು ಮೂವತ್ತು,
ಅದರ ತುದಿಗೆ ಪೀಚ್ ಮರ.

"ಕಡಿದುಬಿಡಿ," ಅಂದರು ಮಿಸ್ಸು.
ಆಗಸ್ಟ್ ಕೊನೆ. ಬೆಟ್ಟದ ನೆತ್ತಿಯಲ್ಲಿನ್ನೂ ಹಿಮ.
ಎಲೆ ಒಂದೂ ಇಲ್ಲದ ಮರ
ಮೈತುಂಬ ಗುಲಾಬಿ ಬಣ್ಣ ಮೆತ್ತಿಕೊಂಡಿತ್ತು.
ಕಡಿಯಲಿಲ್ಲ. ದಾರಿಯನ್ನೇ ಬಳಸಿದೆ.

ಅಂಗಡಿಯ ಮೊಟ್ಲಾಟ್ಸಿ ದಿನಾ ಬಂದು ನಿಲ್ಲುತ್ತಿದ್ದ.
"ಒಂದು ಹುಡುಗಿಗೆ ಇಷ್ಟು ಸಿಮೆಂಟೇ?
ಇದರಲ್ಲೊಂದು ಕೋಣೆ ಏಳುತ್ತಿತ್ತು."
ಬಾಯಲ್ಲಿ ಮೊಳೆ ಕಚ್ಚಿದ್ದೆ, ಉತ್ತರ ಉಳಿಯಿತು.

ರಾತ್ರಿ ನೀರು ಗಡ್ಡೆಕಟ್ಟುವ ಕಾಲ,
ಹಸಿ ಕಾಂಕ್ರೀಟಿಗೆ ಚಳಿ ತಾಗಬಾರದು.
ಹುಲ್ಲು ಹಾಸಿದೆ, ಗೋಣಿ ಹೊದಿಸಿದೆ, ಸಾಲಲಿಲ್ಲ.
ಆಗ ಡಿಪುವೊಳ ತಾಯಿ
ಮಗಳನ್ನು ಬೆನ್ನಿಗೆ ಕಟ್ಟುತ್ತಿದ್ದ ಕಂಬಳಿ ತಂದು
ತಿರುವಿನ ಮೇಲೆ ಹರವಿದಳು.
ಎಂಟು ವರ್ಷ ಹೊತ್ತ ಕಂಬಳಿ. ನಡುವೆ ನೂಲು ಸವೆದಿತ್ತು.
"ನಾಳೆಯಿಂದ ಬೇಡ ಅಲ್ವಾ?" ಅಂದಳು.
"ನಾಳೆ ಅಲ್ಲ," ಅಂದೆ, "ಇನ್ನೂ ಇಪ್ಪತ್ತು ದಿನ."
ಸಿಮೆಂಟಿಗೆ ಅವಸರ ಗೊತ್ತಿಲ್ಲ.

ಮೊದಲು ಹತ್ತಿದ್ದು ಡಿಪುವೊ ಅಲ್ಲ,
ಒಂದು ಕೋಳಿ.
ಆಮೇಲೆ ಮೊಟ್ಲಾಟ್ಸಿ, ಬಿಸಿಯೂಟದ ಜೋಳದ ಹಿಟ್ಟಿನ
ನಾಲ್ಕು ಮೂಟೆ ತಳ್ಳುಗಾಡಿಯಲ್ಲಿ ಹೇರಿಕೊಂಡು,
ನನ್ನ ಮುಖ ನೋಡದೆ.
ಆಮೇಲೆ ಹೆಡ್‌ಮಿಸ್ಸು, ಮಂಡಿ ಹಿಡಿದುಕೊಂಡು.
ಕೊನೆಗೆ ಅವಳು. ಗಾಲಿಯೊಂದು ಕಿರ್ರೆನ್ನುತ್ತಿತ್ತು,
ತಳ್ಳಲು ಬಂದವರ ಕೈಗೆ ಫಟ್ಟೆಂದು ಹೊಡೆದು
ತಾನೇ ಉಬ್ಬಸಪಡುತ್ತ ಹತ್ತಿದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅನ್ನಬೇಡಿ.
ಕಕ್ಕಸಿಗೆ ಇನ್ನೂ ಎರಡು ಮೆಟ್ಟಿಲು,
ಅವಕ್ಕೆ ಯಾವ ಕಾಗದವೂ ಬಂದಿಲ್ಲ.
ಒಬ್ಬ ತಾಯಿ ತನ್ನ ಮಗನನ್ನು
ಅವಳ ಪಕ್ಕದ ಬೆಂಚಿಂದ ಎಬ್ಬಿಸಿಕೊಂಡು ಹೋದಳು.
ಅರವತ್ತೆಂಟು ಮಕ್ಕಳಿಗೆ ಒಬ್ಬಳೇ ಟೀಚರು,
ಡಿಪುವೊ ಕೈಯೆತ್ತಿದ್ದು ಅವರಿಗೆ ಕಾಣುವುದಿಲ್ಲ;
ಹಿಂದಿನ ಸಾಲು ಕೂಗಿ ಹೇಳುತ್ತದೆ.

ಕಕ್ಕಸಿನ ಮೆಟ್ಟಿಲು ನಾನೇ ಒಡೆದೆ,
ಉಳಿದ ಅರ್ಧ ಚೀಲದಲ್ಲಿ. ಕೂಲಿ ಕೇಳಲಿಲ್ಲ.

ಮುಂಬಾಗಿಲ ಆ ಏಳರ ಸಂದಿನಲ್ಲಿ ಈಗ ಹುಲ್ಲು.
ಸೋಮವಾರ ಸೋಮವಾರ ಬರುತ್ತೇನೆ,
ರಸಮಟ್ಟ ಹಿಡಿದು, ಕುಂಟುತ್ತ.
ಪೀಚ್ ಮರದ ತಿರುವಲ್ಲಿ ಕೂತು
ಮಟ್ಟ ಇಟ್ಟು ನೋಡುತ್ತೇನೆ.
ಪಕ್ಕದಲ್ಲೇ ಎರಡನೇ ಕ್ಲಾಸಿನ ಕಿಟಕಿ.
ಹಲಗೆಯ ಮೇಲೆ ಒಂದೊಂದೇ ಅಕ್ಷರ.
ಅವರು ಕೂಗುತ್ತಾರೆ, ನನ್ನ ತುಟಿ ಆಡುತ್ತದೆ.

"ಬಿರುಕು ಇದೆಯಾ?" ಕೇಳುತ್ತಾರೆ ಹೆಡ್‌ಮಿಸ್ಸು.
ಇಲ್ಲ. ಕೂದಲೆಳೆಯಷ್ಟೂ ಇಲ್ಲ.
"ಒಂದು ಇದ್ದಂಗಿದೆ," ಅನ್ನುತ್ತೇನೆ,
"ಬರೋ ವಾರ ಬಂದು ನೋಡ್ತೀನಿ."